ಜುಲೇಖಾ ಮೇಡಂ ಮನೆಯ ಫರಸಿ

ಜುಲೇಖಾ ಮೇಡಂ ಇಂಗ್ಲಿಷನ್ನು ನೆಲದ ಮೇಲೆ ಬರೆಯುತ್ತಿದ್ದರು. ಬೋರ್ಡು ಅವರ ಮನೆಯಲ್ಲಿ ಇರಲೇ ಇಲ್ಲ. ಶಹಾಬಾದಿನ ಸ್ಟೇಷನ್ ಹಿಂದಿನ ಓಣಿಯಲ್ಲಿ ಉದ್ದನೆಯ ಪಡಸಾಲೆಯ ಮನೆ ಅವರದು. ಕಲ್ಲು ಪಾಲಿಶ್ ಮಾಡುತ್ತಿದ್ದ ಅವರ ಅಪ್ಪ ನೆಲದ ಒಂದೊಂದು ಫರಸಿ ಕಲ್ಲನ್ನೂ ತಾವೇ ಆರಿಸಿ, ತಾವೇ ಉಜ್ಜಿ ಹಾಸಿದ್ದರಂತೆ. ಆ ಬೂದು ಕಲ್ಲುಗಳ ಮೇಲೆ ಮೇಡಂ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಹಿಂದ್ಹಿಂದಕ್ಕೆ ಸರಿಯುತ್ತಾ, ಒಂದು ಫರಸಿಗೆ ಒಂದು ವಾಕ್ಯದಂತೆ ಬಾಗಿಲಿನಿಂದ ಹಿತ್ತಲ ಗೋಡೆಯ ತನಕ ಪ್ಯಾಸೇಜು ಬರೆಯುತ್ತಿದ್ದರು. ಮುಗಿಯುವಷ್ಟರಲ್ಲಿ ಅವರ ಮೂಗಿನ ತುದಿಗೂ ಸೀಮೆಸುಣ್ಣ ಹತ್ತಿರುತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಟ್ಯೂಷನ್ನಿಗೆ ಹೋಗುತ್ತಿದ್ದ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಓದುವವರು ಬರಿಗಾಲಲ್ಲಿ, ಅಕ್ಷರ ಅಳಿಸದಂತೆ, ಮೊದಲ ಫರಸಿಯ ಅಂಚಿಗೆ ನಿಲ್ಲಬೇಕು. ಅಲ್ಲಿ ಬರೆದದ್ದು ಏನು ಹೇಳುತ್ತದೆಂಬುದನ್ನು ನಮ್ಮ ಮಾತಿನಲ್ಲಿ ಹೇಳಿದರೆ ಮಾತ್ರ ಮುಂದಿನ ಕಲ್ಲು. ತಿಳಿಯಲಿಲ್ಲವೋ, ಹಿಂದಿನ ಕಲ್ಲಿಗೆ ಹೋಗಿ ಮತ್ತೆ ಓದಿಕೊಂಡು ಬರಬೇಕು.

"ಹಿಂದಕ ಎಷ್ಟ್ ಬೇಕಾದ್ರೂ ಹೋಗ್ರಿ. ನಾಚಿಕಿ ಏನದ ಅದ್ರಾಗ? ಆದ್ರ ಜಿಗದ್ರಿ ಅಂದ್ರ ನಾಳಿಂದ ನನ್ನ ಮನಿಗೆ ಬರಬ್ಯಾಡ್ರಿ" ಎನ್ನುತ್ತಿದ್ದರು.

ಸುಮ್ಮನೆ ಹೆದರಿಸುವ ಮಾತಲ್ಲ ಅದು. ನನ್ನ ಜೊತೆಗಿದ್ದ ಭಾಗ್ಯ ಒಂದು ದಿನ ಫೋನಿನ ಕ್ಯಾಮೆರಾವನ್ನು ನೆಲಕ್ಕೆ ಹಿಡಿದು ಇಡೀ ಪ್ಯಾಸೇಜನ್ನು ಫೋನಿನಿಂದಲೇ ಕನ್ನಡಕ್ಕೆ ತಿರುಗಿಸಿಬಿಟ್ಟಳು. ಮೇಡಂ ಫೋನು ಇಸಿದುಕೊಂಡು, ಕನ್ನಡಕ ಸರಿಮಾಡಿಕೊಂಡು, ಕೊನೆಯವರೆಗೂ ಓದಿದರು.

"ಛಲೋ ಹೇಳ್ಯದ" ಎಂದರು. "ಪರೀಕ್ಷಾಕ ಇದನ್ನ ಕಳಸು. ನೀ ಮನ್ಯಾಗ ಕುಂದ್ರು."

ಭಾಗ್ಯ ಅತ್ತಳು. ಮೇಡಂ ಕರಗಲಿಲ್ಲ. ಎರಡು ವಾರ ಕಳೆದ ಮೇಲೆ ತಾವೇ ಅವಳ ಮನೆಗೆ ಹೋಗಿ ಕರೆತಂದರು ಅನ್ನುವುದು ಬೇರೆ ಮಾತು.

ನಾನು ಅವರಲ್ಲಿಗೆ ಹೋದದ್ದು ಬೇರೆ ದಾರಿಯಿಲ್ಲದೆ. ಅಪ್ಪ ಚಿತ್ತಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಜವಾನರಾಗಿದ್ದವರು, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಮೇಲೆ ಆ ನೌಕರಿ ನನಗೆ ಬರಬೇಕೆಂದರೆ ವರ್ಷದೊಳಗೆ ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಉಳಿದೆಲ್ಲ ಪಾಸು, ಇಂಗ್ಲಿಷ್ ಒಂದು ಗಂಟಲಲ್ಲಿ ಕೂತಿತ್ತು. ಗಡುವಿನೊಳಗೆ ಉಳಿದದ್ದು ಒಂದೇ ಪರೀಕ್ಷೆ. ಅವ್ವ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ತಮ್ಮ ತಂಗಿಯರ ತಟ್ಟೆಗೆ ರೊಟ್ಟಿ ಹಾಕುವಾಗ ಮಾತ್ರ ನನ್ನ ಮುಖ ನೋಡುತ್ತಿದ್ದಳು. ಆ ನೋಟಕ್ಕಿಂತ ಬೈಗುಳವೇ ಎಷ್ಟೋ ಮೇಲು ಅನ್ನಿಸುತ್ತಿತ್ತು ನನಗೆ.

ನಾನು ಗೈಡನ್ನು ಬಾಯಿಪಾಠ ಮಾಡಿಕೊಂಡು ಬಂದ ಹುಡುಗಿ. ಮೊದಲ ದಿನ ಮೊದಲ ಫರಸಿಯ ಮೇಲೆ ನಿಂತು ಸಂಜೆಯ ತನಕ ಎರಡನೆಯದಕ್ಕೆ ಹೋಗಲಾಗಲಿಲ್ಲ. ಸಿಟ್ಟು ಬಂತು. "ಒಂದು ಶಬ್ದ ಗೊತ್ತಿಲ್ರಿ ಮೇಡಂ, ಹೇಳಿಬಿಡ್ರಿ" ಅಂದೆ.

"ಗೊತ್ತಿಲ್ದ ಮಂದಿ ನಿಮ್ಮ ಓಣ್ಯಾಗ ಬಂದ್ರ ಏನ್ ಮಾಡ್ತಿ? ಯಾರ ಜೋಡಿ ಬಂದಾರ, ಯಾರ ಮನಿಗೆ ಹೊಂಟಾರ, ನೋಡ್ತಿ ಇಲ್ಲ? ಹಂಗೇ ನೋಡು ಬೇಟಿ. ಗಡಬಡ ಮಾಡಬ್ಯಾಡ."

ಗಡಬಡ ಮಾಡಬಾರದಂತೆ. ಮನೆಯಲ್ಲಿ ಒಲೆ ಉರಿಯುವುದು ಈ ಪರೀಕ್ಷೆಯ ಮೇಲಿದೆಯೆಂದು ಇವರಿಗೇನು ಗೊತ್ತು ಎಂದು ಹೊಟ್ಟೆಯೊಳಗೇ ಬೈದುಕೊಂಡೆ. ಆದರೂ ಮರುದಿನ ಹೋದೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಪರೀಕ್ಷೆ ಚಿತ್ತಾಪುರದಲ್ಲಿ. ಕೈಗೆ ಬಂದ ಪ್ರಶ್ನೆಪತ್ರಿಕೆಯಲ್ಲಿ ಕಂಡದ್ದು ಹಿಂದೆಂದೂ ನೋಡಿರದ ಪ್ಯಾಸೇಜು. ಕೆಳಗೆ ನೋಡಿದರೆ ನಮ್ಮೂರಿನದೇ ಫರಸಿ. ಚಪ್ಪಲಿ ಬಿಟ್ಟು ಕಾಲ್ಬೆರಳನ್ನು ಒಂದು ಕಲ್ಲಿನ ಮೇಲಿಟ್ಟೆ, ಒಂದು ವಾಕ್ಯ ಓದಿದೆ, ಕಣ್ಣು ನೆಲಕ್ಕಿಳಿಸಿ ತಿಳಿದುಕೊಂಡೆ, ಬೆರಳನ್ನು ಪಕ್ಕದ ಕಲ್ಲಿಗೆ ಸರಿಸಿದೆ. ಹೀಗೆ ಎರಡು ವಾಕ್ಯ ಆಗಿರಬೇಕು, ಯಾರೋ ನನ್ನ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ ಎರಡನ್ನೂ ಸರಕ್ಕನೆ ಎಳೆದುಕೊಂಡರು. ತಲೆ ಎತ್ತಿದರೆ ನಕಲು ಹಿಡಿಯುವ ಸ್ಕ್ವಾಡಿನ ಸಾಹೇಬರು.

"ಕಾಲಾಗ ಏನದ? ಏಳು ಮ್ಯಾಲ."

"ಏನಿಲ್ರಿ ಸರ್."

ಹೊರಗೆ ವರಾಂಡಕ್ಕೆ ಕರೆದೊಯ್ದರು. ಒಬ್ಬ ಮೇಡಂ ಬಂದು ನನ್ನ ದುಪಟ್ಟಾ, ತೋಳು, ಚಪ್ಪಲಿಯ ಅಡಿ ಎಲ್ಲ ತಡಕಾಡಿದರು. ಸಿಕ್ಕಿದ್ದೇನೂ ಇಲ್ಲ. ಸಾಹೇಬರ ಅನುಮಾನ ಮಾತ್ರ ಹೋಗಲಿಲ್ಲ.

"ಮತ್ತ ಘಳಿಗಿ ಘಳಿಗಿಗೆ ನೆಲ ಯಾಕ ನೋಡಾಕತ್ತಿದ್ದಿ?"

"ಓದಾಕತ್ತಿದ್ದೆರಿ."

"ನೆಲದ ಮ್ಯಾಲ ಏನು ಬರದದ ಓದ್ಲಿಕ್ಕ?"

"ಏನೂ ಬರದಿಲ್ರಿ. ಒಂದೊಂದು ಮಾತು ಒಂದೊಂದು ಫರಸಿ ಮ್ಯಾಲ ಇಟ್ಟು ಓದ್ತೀನ್ರಿ. ನಮ್ಮ ಮೇಡಂ ಹಂಗೇ ಕಲಿಸ್ಯಾರ."

ನನಗೇ ಕೇಳಿಸಿತು, ಅದು ಎಂಥ ಹುಚ್ಚು ಮಾತಾಗಿತ್ತೆಂದು. ನಕಲು ಅಂತ ಬರೆದು ಹೊರಗೆ ಹಾಕಿದರೆ ಮುಗಿಯಿತು, ಅಪ್ಪನ ನೌಕರಿ ಬೇರೆಯವರ ಪಾಲು. ಅವ್ವನ ಮುಖ ಕಣ್ಣಮುಂದೆ ಬಂತು. ಸಾಹೇಬರು ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ತುರುಕಿದರು.

"ಹಂಗಾದ್ರ ಓದು. ಇಲ್ಲೇ, ನನ್ನ ಮುಂದ. ಏನದ ಅದ್ರಾಗ, ಹೇಳು."

ವರಾಂಡದ ಫರಸಿಯ ಮೇಲೆ ನಿಂತೆ. ಸಮುದ್ರದ ದಂಡೆಗೆ ಒಂದು ಎತ್ತರದ ಮನೆ. ಮುಂದಿನ ಕಲ್ಲು. ಅಲ್ಲೊಬ್ಬ ಮುದುಕ ದಿನಾ ಸಂಜೆ ದೀಪ ಹಚ್ಚುತ್ತಾನೆ, ಹಡಗುಗಳು ಅದನ್ನು ನೋಡಿ ದಾರಿ ಹಿಡಿಯುತ್ತವೆ. ಮುಂದಿನದು. ಒಂದು ಸಂಜೆ ಫಾಗ್ ಬಂದು ಆ ದೀಪ ಯಾರಿಗೂ ಕಾಣದಾಯಿತು. ಅಲ್ಲಿ ನಿಂತುಬಿಟ್ಟೆ. ಫಾಗ್ ಅಂದರೇನೆಂದು ನನಗೆ ಗೊತ್ತಿರಲಿಲ್ಲ. ದೀಪ ಆರಿತು ಅಂದುಬಿಡಲೇ? ನಾಲಿಗೆಯ ತುದಿಗೆ ಬಂದಿತ್ತು. ಸಾಹೇಬರು ಗಡಿಯಾರ ನೋಡಿದರು. ಒಳಗೆ ಎಲ್ಲರೂ ಬರೆಯುತ್ತಿದ್ದರು.

ನಾನು ಒಂದು ಫರಸಿ ಹಿಂದಕ್ಕೆ ಹೋದೆ.

"ಯಾಕ, ಹಿಂದಕ ಯಾಕ ಹೊಂಟಿ?"

"ತಡೀರಿ ಸರ್. ಮುದುಕ ದಿನಾ ದೀಪ ಹಚ್ಚತಾನ. ಅವತ್ತೂ ಹಚ್ಚ್ಯಾನ, ಆರ್‍ಯದ ಅಂತ ಎಲ್ಲೂ ಇಲ್ಲ. ಹತ್ತಿದ ದೀಪ ಕಾಣವಲ್ದು ಅಂದ್ರ ನಡುವ ಏನೋ ಬಂದದ. ಕಲ್ಲು ಕೊಯ್ಯೋ ಮಷಿನ್ ಚಾಲೂ ಆದಾಗ ನಮ್ಮ ಓಣ್ಯಾಗ ಧೂಳೆದ್ದು ಲಾರಿ ಲೈಟ್ ಸೈತ ಕಾಣಂಗಿಲ್ರಿ. ಅಂಥಾದೇ ಏನೋ. ಆ ಶಬ್ದಕ್ಕ ಏನಂತಾರ ನನಗ ಗೊತ್ತಿಲ್ಲ."

ಆಮೇಲೆ ಮುದುಕ ಗಂಟೆ ಬಾರಿಸಿದ್ದು, ಹಡಗುಗಳು ಆ ಸಪ್ಪಳ ಹಿಡಿದು ಬಂದದ್ದು, ಎಲ್ಲವನ್ನೂ ಹೇಳಿಕೊಂಡು ವರಾಂಡದ ಕಂಬದವರೆಗೆ ಹೋದೆ. ಸಾಹೇಬರು ನನ್ನ ಉತ್ತರಪತ್ರಿಕೆ ವಾಪಸು ಕೊಟ್ಟರು.

"ಹೋಗು, ಬರಿ. ಟೈಮ್ ಹೋಗಾಕತ್ತದ."

ಬೆಲ್ಲು ಹೊಡೆಯುವ ತನಕ ತಲೆ ಎತ್ತದೆ ಬರೆದೆ. ಪಾಸಾದೆ, ಕೂದಲೆಳೆಯಷ್ಟರಲ್ಲಿ. ಅವ್ವ ಅಪ್ಪನ ಫೋಟೊದ ಮುಂದೆ ಕೂತು ಮನಸಾರೆ ಅತ್ತಳು. ನಾನು ಪೇಡೆ ಹಿಡಿದುಕೊಂಡು ಮೇಡಂ ಮನೆಗೆ ಓಡಿ, ವರಾಂಡದ ಕತೆಯನ್ನೆಲ್ಲ ಹೇಳಿದೆ. ಶಾಬಾಶ್ ಅನ್ನುತ್ತಾರೆಂದು ಕಾದೆ.

"ಜಿಗೀಲಿಲ್ಲಲ?" ಎಂದು ಕೇಳಿದರು.

"ಇಲ್ರಿ. ಒಮ್ಮಿ ಹಿಂದಕ ಹೋದೆ."

"ಹಾಂ. ಮತ್ತ?" ಅಂದು ಪೇಡೆ ಬಾಯಿಗೆ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ನೆಲ ಒರೆಸತೊಡಗಿದರು. ಕಣ್ಣು ಒರೆಸಿಕೊಂಡದ್ದೂ ಅದೇ ಕೈಯಿಂದಲೇ, ನಾನು ನೋಡಿದೆ. ಮುಖಕ್ಕೆಲ್ಲ ಸುಣ್ಣ ಬಳಿದುಕೊಂಡರು.

ಅಪ್ಪನ ನೌಕರಿ ನನಗೆ ಬಂತು. ಹೋದ ವರ್ಷ ಜುಲೇಖಾ ಮೇಡಂ ನಮ್ಮ ಆಸ್ಪತ್ರೆಗೇ ಬಂದರು. ಸೊಸೆಯ ಊರು ಚಿತ್ತಾಪುರ, ಅಲ್ಲಿದ್ದಾಗ ಲಕ್ವಾ ಹೊಡೆದಿತ್ತು. ಕಾಲಿಗೆ ಸ್ವಲ್ಪ ಶಕ್ತಿ ಬಂತು, ಮಾತು ಬರಲಿಲ್ಲ. ಇಂಗ್ಲಿಷ್, ಉರ್ದು, ಕನ್ನಡ, ಎಲ್ಲವೂ ಒಮ್ಮೆಗೇ ಹೋಗಿದ್ದವು. ಕೆಲಸದ ನಡುವೆ ಅವರ ಮಂಚದ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಗುರುತು ಹಿಡಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನಗೆ ಸಹಿಸಲಾಗುತ್ತಿರಲಿಲ್ಲ.

ಒಂದು ಮುಂಜಾನೆ ಸೊಸೆ ಅವರನ್ನು ಕಾರಿಡಾರಿನಲ್ಲಿ ನಡೆಸುತ್ತಿದ್ದಳು. ಕಿಟಕಿಯ ಹತ್ತಿರ ಬಂದವರು ನಿಂತುಬಿಟ್ಟರು. ಎಷ್ಟು ಎಳೆದರೂ ಮುಂದಿನ ಹೆಜ್ಜೆ ಇಡಲೊಲ್ಲರು.

"ನಡೀರಿ ಅಮ್ಮಿ. ನಿಂತ್ರ ಹ್ಯಾಂಗ್ರಿ? ಡಾಕ್ಟರ್ ನಡೀಬೇಕು ಅಂದಾರ" ಎಂದು ಸೊಸೆ ಬೇಡಿಕೊಳ್ಳುತ್ತಿದ್ದಳು.

ಮೇಡಂ ಕಿಟಕಿಯನ್ನೇ ನೋಡುತ್ತಿದ್ದರು. ತುಟಿ ಒದ್ದಾಡುತ್ತಿದ್ದವು. ಅವರ ಕಾಲ ಕೆಳಗಿನ ಫರಸಿ ನೋಡಿದ್ದೇ ನನಗೆ ತಿಳಿಯಿತು, ಕಂಡದ್ದನ್ನು ಹೇಳದೆ ಅವರು ಮುಂದಿನ ಕಲ್ಲಿಗೆ ಹೋಗುವವರಲ್ಲ. ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಹೋಗಿ ಅವರ ತೋಳು ಹಿಡಿದುಕೊಂಡೆ.

"ಗಡಬಡ ಇಲ್ರಿ ಮೇಡಂ. ಹಿಂದಕ ಹೋಗೂನ್ರಿ. ನಾಚಿಕಿ ಏನದ ಅದ್ರಾಗ?"

ಒಂದು ಫರಸಿ ಹಿಂದಕ್ಕೆ ಹೋದೆವು. ನನ್ನ ಕಡೆ ತಿರುಗಿ ಅದೇ ಹಳೆಯ ಸಿಟ್ಟಿನ ಕಣ್ಣಿನಿಂದ ನೋಡಿದರು. ಮತ್ತೆ ಆ ಕಲ್ಲಿಗೆ ಬಂದು ನಿಂತರು. ಬಹಳ ಹೊತ್ತಾಯಿತು.

"ಕಿಡಕಿ" ಎಂದರು.

ಆಮೇಲೆ ತಾವಾಗಿಯೇ ಮುಂದಿನ ಕಲ್ಲಿಗೆ ಕಾಲಿಟ್ಟರು. ಅಷ್ಟರಲ್ಲಿ ನನಗೆ ಒಳಗಿನಿಂದ ಕರೆ ಬಂತು. "ನಾಳಿ ಇಲ್ಲಿಂದನೇ ಶುರು ಮಾಡೂನ್ರಿ" ಎಂದು ಹೇಳಿ ಹೋದೆ. ಆ ರಾತ್ರಿ ಜಡ್ಡು ಜೋರಾಗಿ ಅವರನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಆ ಕಾರಿಡಾರಿನಲ್ಲಿ ನಾನು ದಿನವೂ ಓಡಾಡುತ್ತೇನೆ. ಎಷ್ಟೇ ಅವಸರವಿರಲಿ, ಯಾರೇ ಕೂಗಲಿ, ಕಿಟಕಿಯ ಹತ್ತಿರದ ಆ ಫರಸಿಯನ್ನು ಮಾತ್ರ ಜಿಗಿಯುವುದಿಲ್ಲ.