ಮೂರನೆಯ ತಂಬಿಗೆ

ನಮ್ಮ ಪಡಸಾಲೆಯ ಕಿಟಕಿಯಲ್ಲಿ ಒಂದು ಹಿತ್ತಾಳೆ ತಂಬಿಗೆ ಇದೆ. ಮೊಮ್ಮಗನ ಹೆಂಡತಿ ಅದನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ನಾಲ್ಕು ಸೇವಂತಿಗೆ ಇಟ್ಟು, ಬಂದವರಿಗೆಲ್ಲ ಹಿರಿಯರ ಕಾಲದ್ದೆಂದು ತೋರಿಸುತ್ತಾಳೆ. ಬಂದವರು ಅದನ್ನು ಕೈಗೆತ್ತಿಕೊಂಡು ಅದರ ಕಂಠದ ಚೆಲುವನ್ನು ಹೊಗಳುತ್ತಾರೆ. ನಾನು ಮೂಲೆಯಲ್ಲಿ ಕುಳಿತು ಅಡಿಕೆ ಅಗಿಯುತ್ತೇನೆ. ಅದು ನನ್ನ ಮಾವನವರು ಬಯಲಿಗೆ ಒಯ್ಯುತ್ತಿದ್ದ ತಂಬಿಗೆ. ಇಷ್ಟು ಕೇಳಿ ನೀವು ಮೂಗು ಮುಚ್ಚಿಕೊಂಡರೂ ಸರಿಯೇ, ಮಿತ್ರರೇ, ಕಿವಿಯನ್ನು ಮಾತ್ರ ತೆರೆದಿಡಿ.

ಆಗ ಮುಂಬಯಿ ಸರಕಾರದ ಕಾಲ. ಗಲಗಲಿಯ ಹೊಳೆದಂಡೆಯಿಂದ ಬನಹಟ್ಟಿಯ ನೇಕಾರರ ಓಣಿಗೆ ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಆ ಬೇಸಿಗೆ ಜಮಖಂಡಿಯ ಕಡೆ ಕಾಲರಾ ಎದ್ದಿತ್ತು. ಬೇನೆಗಿಂತ ಮೊದಲು ಅದರ ಸುದ್ದಿ ಬಂತು. ನೂಲು ತರುವ ಮನುಷ್ಯ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ: "ದಿನಕ್ಕ ಮೂರು ಸಲ ತಂಬಿಗಿ ಹಿಡದ್ರ ಅದ ಬ್ಯಾನಿ ಅಂತ ತಿಳೀರಿ. ಸರಕಾರಿ ಮೋಟಾರ ಬಂದು ಎತ್ತಿಕೊಂಡು ಹೋಗತೈತಿ. ಹೋದಾಂವ ತಿರುಗಿ ಬರೂದಿಲ್ಲ." ಸೂಜಿ ಹಾಕುವವರು ಬಂದು ನೀರು ಕಾಯಿಸಿ ಧಾರಾಳವಾಗಿ ಕುಡಿಯಿರೆಂದೂ ಹೇಳಿದ್ದರು. ಆ ಮಾತಿನಲ್ಲಿ ಮೈ ಜುಮ್ಮೆನ್ನುವಂಥದೇನೂ ಇರಲಿಲ್ಲವಾದ್ದರಿಂದ ಯಾರೂ ನೆನಪಿಡಲಿಲ್ಲ.

ನೇಕಾರರಿಗೆ ಎಣಿಕೆ ಹುಟ್ಟಿನಿಂದಲೇ ಬಂದದ್ದು. ಬಾಗಿಲ ಪಕ್ಕದ ಮಗ್ಗದಲ್ಲಿ ಕುಳಿತು ಎಳೆ ಎಣಿಸುತ್ತಿದ್ದ ಕಣ್ಣುಗಳು ಈಗ ಓಣಿಯಲ್ಲಿ ಹಾಯುವ ತಂಬಿಗೆಗಳನ್ನು ಎಣಿಸತೊಡಗಿದವು. ಆರಾಮೇನೆಂದು ಕೇಳುತ್ತಿದ್ದವರು "ಇದು ಎಷ್ಟನೇದೋ?" ಎನ್ನತೊಡಗಿದರು. ಕೆಲವರು ತಂಬಿಗೆಯನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು, ಕದ್ದ ಮಾಲು ಒಯ್ಯುವವರ ಹಾಗೆ ನಡೆದರು.

ನನ್ನ ಮಾವನವರದು ದಿನಕ್ಕೆ ಎರಡೇ ಸಲ ಹೋಗುವ ಅಚ್ಚುಕಟ್ಟಾದ ಹೊಟ್ಟೆ. ಆದರೆ ಮೂರನೆಯ ಸಲ ಹೋಗಬಾರದೆಂದು ನೆನೆದ ಕ್ಷಣವೇ ಅದು ಗುಡುಗುಡು ಎನ್ನುತ್ತಿತ್ತು. ಹೆದರಿ ಅವರು ರೊಟ್ಟಿ ಬಿಟ್ಟರು, ಆಮೇಲೆ ನೀರನ್ನೂ ಬಿಟ್ಟರು. ಮರುದಿನ ಮಧ್ಯಾಹ್ನ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲೇ ಕುಸಿದರು. ವಾಂತಿಯಿಲ್ಲ, ಭೇದಿಯಿಲ್ಲ, ತುಟಿ ಮಾತ್ರ ಒಡೆದು ಕಪ್ಪಿಟ್ಟಿತ್ತು. ಕಾಯಿಸಿ ಆರಿಸಿದ ನೀರು ಹಿಡಿದರೆ ಹಲ್ಲು ಕಚ್ಚಿಕೊಂಡರು.

"ಬ್ಯಾಡ ಯವ್ವಾ. ಕುಡದ್ರ ಹೋಗಬೇಕಾಗತೈತಿ. ಹೋದ್ರ ಮೂರಾಗತೈತಿ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯವಾಯಿತು. ತವರಿನ ನೆನಪಾಗಿ ನಾನು ಅತ್ತಾಗ ಎಳೆ ಜೋಳದ ತೆನೆ ಸುಟ್ಟು ಸೀತನಿ ತಂದುಕೊಟ್ಟ ಜೀವ ಅದು. ಬಾರದೇ ಇದ್ದ ಬೇನೆಗೆ ಹೆದರಿ ಕಣ್ಣೆದುರೇ ಬತ್ತುತ್ತಿತ್ತು.

ಹೆಂಗಸರು ಬಯಲಿಗೆ ಹೋಗುವುದು ನಸುಕಿನಲ್ಲಿ, ಇಲ್ಲವೇ ಮುಸ್ಸಂಜೆಯಲ್ಲಿ. ನಾನು ಸುಡುಬಿಸಿಲಿನಲ್ಲಿ ಮಾವನವರ ತಂಬಿಗೆ ತುಂಬಿಕೊಂಡು, ಅದನ್ನು ತೂಗಾಡಿಸುತ್ತ ಓಣಿಯ ನಟ್ಟನಡುವೆ ನಡೆದೆ. ಊರಾಚೆಯ ಬೇವಿನ ಮರದಡಿ ತುಸು ಕುಳಿತು, ನೀರನ್ನು ಮರಕ್ಕೆ ಸುರಿದು ಬಂದೆ. ಮತ್ತೆ ಹೋದೆ. ಮೂರನೆಯ ಸಲ ಮಗ್ಗಗಳ ಸದ್ದು ನಿಂತಿತು. ನಾಲ್ಕನೆಯದಕ್ಕೆ ಎದುರು ಮನೆಯ ಗಂಗವ್ವ ಹೊರಗೆ ಬಂದಳು.

"ಎಷ್ಟನೇದ ಬೇ ಇದು?"

"ನಾಕನೇದರೀ ಅತ್ತಿ. ಐದನೇದಕ್ಕ ನೀವೂ ಬರ್ರಿ, ಜೋಡಿ ಆಗತೈತಿ."

ಯಾವುದೋ ಮಗ್ಗದ ಹಿಂದಿನಿಂದ ಒಬ್ಬರು ಕಿಸಕ್ಕನೆ ನಕ್ಕರು. ನಗು ಮನೆಯಿಂದ ಮನೆಗೆ ದಾಟಿತು.

ಸಂಜೆಯಾದರೂ ಮೋಟಾರು ಬರಲಿಲ್ಲ. ನಾನು ಮಾವನವರ ಮುಂದೆ ಕುಳಿತೆ. "ನಿಮ್ಮ ಸೊಸಿ ಐದು ಸಲ ಹೋಗಿ ಬಂದಾಳರಿ ಮಾವಾರ. ಯಾವ ಮೋಟಾರೂ ಬರಲಿಲ್ಲ. ಇನ್ನಾದ್ರೂ ಕುಡೀರಿ."

ಅವರು ನನ್ನನ್ನೇ ನೋಡಿದರು. ಒಡೆದ ತುಟಿಯಲ್ಲಿ ನಗು ಬಂದು, ಕಣ್ಣಿನಲ್ಲಿ ನೀರೂ ಬಂತು. ಗುಟುಕು ಗುಟುಕಾಗಿ ಕುಡಿಯುವ ನೀರಿನ ಇಡೀ ಚರಿಗೆ ಬರಿದು ಮಾಡಿ, ಮೆಲ್ಲಗೆ ಕೇಳಿದರು: "ಯವ್ವಾ, ನನ್ನ ತಂಬಿಗಿ ಎಲ್ಲೈತಿ?"

ಗೋಡೆ ಹಿಡಿದು ಎದ್ದು, ತಂಬಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಓಣಿಯುದ್ದಕ್ಕೂ ಕೂಗುತ್ತ ಹೋದರು: "ಎಣಸ್ರಿ ಲೇ, ಎಣಸ್ರಿ!"

ಕಾಲರಾ ಆ ವರ್ಷ ನಮ್ಮ ಓಣಿಗೆ ಬರಲೇ ಇಲ್ಲ. ಬಂದಿದ್ದು ಅದರ ಹೆದರಿಕೆ ಮಾತ್ರ, ಅದಕ್ಕೆ ಹಾಕುವ ಸೂಜಿ ಯಾರ ಬಳಿಯೂ ಇರಲಿಲ್ಲ.

ಮೊನ್ನೆ ಮೊಮ್ಮಗನ ಹೆಂಡತಿ ಕೇಳಿದಳು, "ಅಜ್ಜೀ, ಇದು ಪೂಜಾದ ತಂಬಿಗಿ ಏನ್ರೀ?" ಹೂಂ ಎಂದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲಿಲ್ಲ. ಯಾರೂ ಇಲ್ಲದಾಗ ನಾನೂ ಅದಕ್ಕೊಂದು ಹೂವಿಟ್ಟು ಕೈ ಮುಗಿಯುತ್ತೇನೆ. ಆಮೇಲೆ ಕೈ ತೊಳೆದುಕೊಳ್ಳುತ್ತೇನೆ.