ಅಕ್ಕನಿಗೆ ಬರೆದ ಪತ್ರಗಳನ್ನು ಹೊಸ ಕಂಪ್ಯೂಟರಿಗೆ ಓದಿ ಹಾಕಿದ್ದು

ಹಳೆಯ ಕಂಪ್ಯೂಟರು ಮುಕ್ಕಾಲು ಗಂಟೆ ನಡೆದರೆ ತಾನಾಗಿಯೇ ಆರಿಹೋಗುತ್ತಿತ್ತು. ಆಮೇಲೆ ತಣ್ಣಗಾಗುವವರೆಗೆ ಏನು ಮಾಡಿದರೂ ಏಳುತ್ತಿರಲಿಲ್ಲ. ಟೇಬಲ್ ಫ್ಯಾನನ್ನು ಅದರ ಬೆನ್ನಿಗೆ ತಿರುಗಿಸಿಟ್ಟು ಹೇಗೋ ಒಂದು ಬೇಸಿಗೆ ಕಳೆದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಹೊಸದೊಂದನ್ನು ಕೊಂಡು, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಹಾಕಿಕೊಡಲು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ರಿಪೇರಿ ಅಂಗಡಿಗೆ ರಿಕ್ಷಾದಲ್ಲಿ ಎರಡನ್ನೂ ಹೊತ್ತುಕೊಂಡು ಹೋದೆ.

ಅಂಗಡಿಯವನು ಹೆಚ್ಚುಕಡಿಮೆ ನನ್ನ ವಯಸ್ಸಿನವನು, ನಿಧಾನದ ಮನುಷ್ಯ. ಎರಡು ದಿನ ಬಿಟ್ಟು ಹೋದಾಗ ಕೆಲಸ ಮುಗಿಸಿ ಇಟ್ಟಿದ್ದ. ಫೋಟೋಗಳು ಬಂದಿದ್ದವು, ಪಿಂಚಣಿ ಕಾಗದಗಳು ಬಂದಿದ್ದವು. 'ಅಕ್ಕ' ಎಂಬ ಹೆಸರಿನ ಫೋಲ್ಡರ್ ಕೂಡ ಬಂದಿತ್ತು. ಅದನ್ನು ತೆರೆದು ತೋರಿಸಿದ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಶೇಕಡಾ ಚಿಹ್ನೆಗಳು, ಖಾಲಿ ಚೌಕಗಳು. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ.

"ಕಾಪಿ ಝಾಲಂ, ಮ್ಯಾಡಮ್. ಪಣ ಉಘಡತ್ ನಾಹೀ," ಅಂದ. ಕಾಪಿ ಆಗಿದೆ, ಆದರೆ ತೆರೆಯುವುದಿಲ್ಲ.

ಅದರಲ್ಲಿದ್ದದ್ದು ಅಕ್ಕನಿಗೆ ಬರೆದ ಪತ್ರಗಳು; ಅವನ್ನೆಲ್ಲ ನಾನು ಹಳೆಯ ಕಾಲದ ಒಂದು ಕನ್ನಡ ಟೈಪಿಂಗ್ ಅಪ್ಲಿಕೇಶನ್ನಿನಲ್ಲಿ ಬರೆದಿದ್ದೆ. ಅದು ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲವಂತೆ. ಅದನ್ನು ಮಾಡಿದವರೂ ಈಗ ಅಂಗಡಿ ಮುಚ್ಚಿದ್ದರು. ಅವನು ಯಾವುದೋ ಉಪಾಯದಿಂದ ಒಂದು ಪತ್ರವನ್ನು ಬದಲಾಯಿಸಿ ನೋಡಿದ್ದ. ಒತ್ತಕ್ಷರಗಳೆಲ್ಲ ಜಾರಿ ಪಕ್ಕದ ಅಕ್ಷರಗಳ ಕೆಳಗೆ ಹೋಗಿ ಕೂತಿದ್ದವು. ನನ್ನ ಮುಖ ನೋಡಿ ಅವನು ಇನ್ನೊಂದು ದಾರಿ ಹೇಳಿದ. "ಹಳೆಯದರ ಪರದೆಯ ಮೇಲೆ ಇನ್ನೂ ಕಾಣಿಸುತ್ತದಲ್ಲ, ಅದನ್ನು ನೋಡಿ ಜೋರಾಗಿ ಓದಿ. ಹೊಸದು ಕೇಳಿಸಿಕೊಂಡು ತಾನೇ ಟೈಪ್ ಮಾಡುತ್ತದೆ. ಅದಕ್ಕೆ ಕನ್ನಡವೂ ಬರುತ್ತದೆ. ಆದರೆ ಬೇಗ ಮಾಡಿ, ಈ ಹಳೆಯದನ್ನು ನಂಬಬೇಡಿ."

ಆ ಪತ್ರಗಳ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಮದುವೆಯಾದವಳಲ್ಲ. ರಾಂಜಣಗಾಂವದ ಒಂದು ಕಾರ್ಖಾನೆಯ ಸ್ಟೋರ್ಸ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು, ಆಮೇಲೆ ಪುಣೆಯ ಎರಡನೇ ಮಹಡಿಯ ಈ ಮನೆ. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಗದಗದಲ್ಲಿ ಮಗಳ ಜೊತೆ ಇದ್ದಳು. ಅವಳಿಗೆ ಕಿವಿ ಪೂರ್ತಿ ಹೋಗಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, "ಕಿವ್ಯಾಗ ಜೇನು ಹೊಕ್ಕಂಗ ಆಗ್ತದ" ಎಂದು ತೆಗೆದಿಟ್ಟಳು. ಫೋನು ಅವಳಿಗೆ ಉಪಯೋಗವಿಲ್ಲ. ನನ್ನ ಕೈಬರಹ ಸಾಸಿವೆಯಂಥದ್ದು, ಅವಳ ಕಣ್ಣಿಗೆ ನಿಲುಕುತ್ತಿರಲಿಲ್ಲ. ಅದಕ್ಕೇ ಕಂಪ್ಯೂಟರು. ಪ್ರತಿ ಭಾನುವಾರ ಮಧ್ಯಾಹ್ನ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೋಮವಾರ ಅಂಚೆಗೆ ಹಾಕುತ್ತಿದ್ದೆ. ಹಾಗೆ ಮುನ್ನೂರಕ್ಕೂ ಹೆಚ್ಚು ಪತ್ರಗಳಾದವು. ಅಕ್ಕ ಓದಿದ ಹಾಳೆಗಳನ್ನು ಇಟ್ಟುಕೊಳ್ಳುವವಳಲ್ಲ. ಹಿಂಬದಿ ಖಾಲಿ ಇರುತ್ತದೆಂದು ಮೊಮ್ಮಗಳಿಗೆ ಚಿತ್ರ ಬರೆಯಲು ಕೊಟ್ಟುಬಿಡುತ್ತಿದ್ದಳು. ಹಿಂದಿನ ವರ್ಷದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡ ಮೇಲೆ ಆ ಪತ್ರಗಳು ಉಳಿದದ್ದು ಈ ಹಳೆಯ ಯಂತ್ರದೊಳಗೆ ಮಾತ್ರ.

ಎರಡೂ ಕಂಪ್ಯೂಟರುಗಳನ್ನು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೂತೆ. ಮೊದಲ ದಿನ ಬಾಯಿ ತೆರೆಯಲಿಕ್ಕೇ ನಾಚಿಕೆಯಾಯಿತು. ಎದ್ದು ಕಿಟಕಿ ಮುಚ್ಚಿದೆ. "ಅಕ್ಕಗ ನಿನ್ನ ತಂಗಿಯ ನಮಸ್ಕಾರ. ಇಲ್ಲೆ ಎಲ್ಲಾ ಛಲೋ ಅದ," ಎಂದು ಓದಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಹಾಲಿನವನಿಗೆ ಎರಡು ಮಾತು, ತರಕಾರಿಯವಳಿಗೆ ನಾಲ್ಕು ಮಾತು, ಅದೂ ಮರಾಠಿಯಲ್ಲಿ. ಇಷ್ಟೊಂದು ಕನ್ನಡವನ್ನು ಬಾಯಿಬಿಟ್ಟು ಆಡಿ ಎಷ್ಟು ದಿನವಾಗಿತ್ತೋ.

ಹೊಸ ಕಂಪ್ಯೂಟರಿಗೆ ನಮ್ಮ ಕಡೆಯ ಮಾತು ಅಷ್ಟಾಗಿ ತಿಳಿಯುತ್ತಿರಲಿಲ್ಲ. 'ಆಕಿ' ಅಂದರೆ 'ಅಕ್ಕಿ' ಎಂದು ಬರೆಯುತ್ತಿತ್ತು. 'ಮ್ಯಾಲಿನ ಮನಿ ವೈನಿ ಬಂದಿದ್ಲು' ಅಂದರೆ 'ಮೇಲಿನ ಮನೆ ವೈನ್ ಬಂದಿದ್ದಳು' ಎಂದಿತು. ವೈನಿ ಅಂದರೆ ಅತ್ತಿಗೆ, ನೆರೆಮನೆಯವಳನ್ನೂ ನಮ್ಮ ಕಡೆ ಹಾಗೇ ಕರೆಯುತ್ತೇವೆ. ಒಬ್ಬಳೇ ಕೂತು ನಕ್ಕೆ. ಓದುವುದು, ತಪ್ಪು ತಿದ್ದುವುದು, ಹಳೆಯದು ಆರಿಹೋದಾಗ ಎದ್ದು ಅಡುಗೆ ಮಾಡುವುದು, ಮತ್ತೆ ಬಂದು ಕೂರುವುದು. ಮೂರನೆಯ ದಿನಕ್ಕೆ ಗಂಟಲು ಕಟ್ಟಿತು. ಮೆಣಸು ಬೆಲ್ಲ ಬಾಯಿಗೆ ಹಾಕಿಕೊಂಡು ಮುಂದುವರಿಸಿದೆ.

ನಾಲ್ಕನೆಯ ದಿನ ನಗು ನಿಂತಿತು. ಓದುತ್ತ ಹೋದಂತೆ ಆ ವೈನಿ ಪತ್ರಪತ್ರಕ್ಕೂ ಬರತೊಡಗಿದಳು. ಮೇಲಿನ ಮಹಡಿಯಲ್ಲಿ ಒಬ್ಬರು ಮರಾಠಿ ಹೆಂಗಸು ಇರುವುದು ನಿಜ. ನಿವೃತ್ತ ನರ್ಸು, ಒಬ್ಬರೇ ಇರುತ್ತಾರೆ. ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸುತ್ತಾರೆ, ನೀರು ಬರದ ದಿನ ಒಂದು ಮಾತು. ಅಷ್ಟೇ ಪರಿಚಯ. ಆದರೆ ಪತ್ರಗಳಲ್ಲಿ ಆಕೆ ನನ್ನ ಜೀವದ ಗೆಳತಿಯಾಗಿದ್ದಳು.

ಅದು ಶುರುವಾದದ್ದು ಹೀಗೆ. ನಾನು ನಿವೃತ್ತಳಾದ ಕೂಡಲೇ ಅಕ್ಕ ಬರೆದಿದ್ದಳು: 'ಐತವಾರ ಒಬ್ಬಾಕೀನ ಕುಂತು ಏನ್ ಮಾಡ್ತಿ? ಮನಿ ಮಾರಿ ಇಲ್ಲೇ ಬಂದುಬಿಡು.' ಅವಳು ಇದ್ದದ್ದೇ ಮಗಳ ಮನೆಯಲ್ಲಿ. ಅಲ್ಲಿಗೆ ನಾನೂ ಹೋಗಿ ಕೂರುವುದು ಬೇಡವಾಗಿತ್ತು. ಅವಳಿಗೆ ಸಮಾಧಾನವಾಗಲೆಂದು, ಮೇಲಿನ ಮನೆ ವೈನಿ ಪ್ರತಿ ಭಾನುವಾರ ಬರುತ್ತಾಳೆ ಎಂದು ಬರೆದೆ. ಒಂದು ಸಲ ಬರೆದ ಮೇಲೆ ಅಕ್ಕ ಬಿಡಲಿಲ್ಲ. ಪ್ರತಿ ಉತ್ತರದಲ್ಲೂ ವೈನಿಯನ್ನು ವಿಚಾರಿಸುತ್ತಿದ್ದಳು. ಮೇಲಿನಿಂದ ಕೇಳಿಸುತ್ತಿದ್ದ ಮಿಕ್ಸರಿನ ಸದ್ದು, ಕುರ್ಚಿ ಎಳೆದ ಸದ್ದು, ರೇಡಿಯೋದ ಹಾಡು ಇವುಗಳಿಂದಲೇ ನಾನು ಒಬ್ಬ ಗೆಳತಿಯನ್ನು ಕಟ್ಟುತ್ತ ಹೋದೆ. ಅಕ್ಕ ಒಮ್ಮೆ ವೈನಿಗೆಂದು ಹಸಿರು ಖಣದ ಬಟ್ಟೆ ಕಳಿಸಿದಳು. ಅದನ್ನು ನಾನೇ ಕುಪ್ಪಸ ಹೊಲಿಸಿಕೊಂಡು ಹಾಕಿಕೊಂಡೆ. ಅಕ್ಕ ತೀರಿಕೊಂಡು ಗದಗಿಗೆ ಹೋದಾಗ ಅವಳ ಮಗಳು ಅಳುತ್ತಲೇ ಕೇಳಿದ್ದಳು, "ಚಿಗವ್ವಾ, ನಿಮ್ಮ ಆ ವೈನಿ ಸಂಗಾಟ ಬರಲಿಲ್ಲೇನ್ರಿ?"

"ಆಕಿಗೆ ಮೊಣಕಾಲು ನೋವದ," ಎಂದಿದ್ದೆ. ಅಕ್ಕನ ದೇಹ ಒಳಗೆ ಇನ್ನೂ ಮಲಗಿತ್ತು.

ಇದೆಲ್ಲ ನನಗೆ ಮರೆತಿತ್ತು ಎಂದಲ್ಲ. ಆದರೆ ವಾರಕ್ಕೊಂದು ಸುಳ್ಳು ಬರೆಯುವುದು ಬೇರೆ, ನಾಲ್ಕು ವರ್ಷದ ಸುಳ್ಳನ್ನು ಒಂದೇ ಕಡೆ ಕೂತು ನನ್ನದೇ ದನಿಯಲ್ಲಿ ಕೇಳುವುದು ಬೇರೆ. ಎಷ್ಟೋ ಪತ್ರಗಳಲ್ಲಿ ನಿಜವಾದದ್ದು ಮಳೆ ಮತ್ತು ಊಟದ ಸುದ್ದಿ ಮಾತ್ರ.

ಐದನೆಯ ದಿನ ಹನ್ನೊಂದು ಗಂಟೆಯ ಸುಮಾರಿಗೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಮೇಲಿನ ಮನೆಯ ಅದೇ ಹೆಂಗಸು ನಿಂತಿದ್ದರು.

"ಪಾಹುಣೇ ಆಲೇತ್ ಕಾ?" ಎಂದು ಕೇಳಿದರು. ನೆಂಟರು ಬಂದಿದ್ದಾರಾ ಎಂದು. ಇಲ್ಲ ಅಂದೆ.

ಅವರು ನನ್ನ ಹೆಗಲಾಚೆ ಕೋಣೆಯೊಳಗೆ ನೋಡಿದರು. "ತಬ್ಯೇತ್ ಬರೀ ಆಹೇ ನಾ, ತಾಈ?" ಎಂದರು. ಆರೋಗ್ಯ ಸರಿಯಿದೆ ತಾನೇ ಎಂದು. ನಾಲ್ಕು ದಿನದಿಂದ ಒಂದೇ ದನಿ ತಾಸುಗಟ್ಟಲೆ ಮಾತಾಡುವುದು ಅವರಿಗೆ ಕೇಳಿಸುತ್ತಿತ್ತಂತೆ. ಉತ್ತರ ಕೊಡುವ ದನಿ ಇಲ್ಲ. ವಾರ್ಡುಗಳಲ್ಲಿ ಅಂಥದ್ದನ್ನು ಬಹಳ ಕಂಡವರು. ನನ್ನ ತಲೆ ಸರಿ ಇದೆಯೋ ಇಲ್ಲವೋ ನೋಡಲು ಇಳಿದುಬಂದಿದ್ದರು.

ಒಳಗೆ ಕರೆದು ಕಂಪ್ಯೂಟರುಗಳನ್ನು ತೋರಿಸಿದೆ, ಆದದ್ದನ್ನು ಹೇಳಿದೆ. ಚಹಾ ಮಾಡಿ ತಂದಾಗ ಅವರು ಹಳೆಯ ಪರದೆಯ ದಪ್ಪ ಕನ್ನಡ ಅಕ್ಷರಗಳನ್ನು ನೋಡುತ್ತಿದ್ದರು. "ಅಕ್ಕನಿಗೆ ಏನು ಬರೆಯುತ್ತಿದ್ದಿರಿ? ಸ್ವಲ್ಪ ಮರಾಠಿಯಲ್ಲಿ ಹೇಳಿ," ಅಂದರು.

ಪರದೆಯ ಮೇಲಿದ್ದದ್ದು ಹೋಳಿ ಹುಣ್ಣಿಮೆಯ ಪತ್ರ. ಬೇರೆ ಯಾವುದನ್ನಾದರೂ ತೆರೆಯಬಹುದಿತ್ತು. ಮಳೆಯ ಪತ್ರಗಳು ಬೇಕಾದಷ್ಟಿದ್ದವು. ಯಾಕೋ ತೆರೆಯಲಿಲ್ಲ. ಇದ್ದದ್ದನ್ನೇ ಸಾಲುಸಾಲಾಗಿ ಮರಾಠಿಗೆ ತಿರುಗಿಸಿ ಹೇಳಿದೆ. ಮೇಲಿನ ವೈನಿ ಹೋಳಿಗೆ ಮಾಡಿ ತಂದಿದ್ದಳು, ಇಬ್ಬರೂ ತುಪ್ಪ ಹಾಕಿಕೊಂಡು ತಿಂದೆವು, ದೀಪ ಹಚ್ಚುವವರೆಗೆ ಕೂತು ಮಾತಾಡಿದೆವು.

ಅವರು ಕಪ್ಪನ್ನು ಕೆಳಗಿಟ್ಟರು. "ಮೇಲಿನ ವಹಿನಿ ಅಂದರೆ ನಾನೇ?"

"ಹೌದು."

"ನನಗೆ ಹೋಳಿಗೆ ಮಾಡಲಿಕ್ಕೆ ಬರುವುದೇ ಇಲ್ಲ."

ಕಪ್ಪನ್ನು ಮತ್ತೆ ಎತ್ತಿಕೊಂಡು ಅವರು ಕೇಳಿದರು, "ಅಜೂನ್ ಕಾಯ್ ಕೇಲಂ ಮೀ?" ಇನ್ನೂ ಏನೇನು ಮಾಡಿದ್ದೇನೆ ನಾನು?

ಹೇಳಿದೆ. ಒಂದು ಚತುರ್ಥಿಯ ದಿನ ನನ್ನ ಜೊತೆ ರಾಂಜಣಗಾಂವದ ಗಣಪತಿಗೆ ಬಂದಿರಿ, ಹಾಗೇ ಮುಂದೆ ಶಿರೂರಿನ ಬಜಾರಿಗೆ ಹೋಗಿ ಹುಣಸೆಹಣ್ಣು ತಂದೆವು. ನನಗೆ ತುಳಸಿ ಗಿಡ ಕೊಟ್ಟಿರಿ. ಚಿಕೂನ್‌ಗುನ್ಯಾ ಬಂದು ನಾನು ಹಾಸಿಗೆ ಹಿಡಿದಾಗ ಹತ್ತು ದಿನ ಗಂಜಿ ಮಾಡಿ ತಂದಿರಿ. ಅಕ್ಕ ನಿಮಗೆ ಖಣ ಕಳಿಸಿದ್ದಳು, ಅದನ್ನು ನಾನು ಹೊಲಿಸಿಕೊಂಡೆ.

"ಯಾವ ಬಣ್ಣ?"

"ಹಸಿರು."

"ಹೋಗಲಿ ಬಿಡಿ. ಹಸಿರು ನನಗೆ ಒಪ್ಪುವುದಿಲ್ಲ." ಹಾಗಂದು ಮುಗುಳ್ನಕ್ಕರು. ಆಮೇಲೆ ಆ ನಗು ಹೋಯಿತು. "ಚಿಕೂನ್‌ಗುನ್ಯಾ ನಿಜವಾಗಿ ಬಂದಿತ್ತೇ?"

"ಬಂದಿತ್ತು."

"ಗಂಜಿ ಯಾರು ಮಾಡಿದರು?"

"ಯಾರೂ ಇಲ್ಲ. ಬ್ರೆಡ್ಡು ತರಿಸಿಕೊಂಡಿದ್ದೆ."

"ನಾನು ಮೇಲೆಯೇ ಇದ್ದೆ," ಎಂದರು. "ಬಂದು ಬಾಗಿಲು ಬಡಿಯಬೇಕಿತ್ತು. ಗಂಜಿ ಮಾಡಲಿಕ್ಕೆ ಬರುತ್ತದೆ ನನಗೆ."

ಅವರ ಮಾತಿನಲ್ಲಿ ಸಿಟ್ಟಿತ್ತು. ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿಯುವುದಕ್ಕಿಂತ, ಅವರು ಬಂದರೆಂದು ಬರೆಯುವುದು ನನಗೆ ಸುಲಭವಾಗಿತ್ತು. ಅದನ್ನು ಮರಾಠಿಯಲ್ಲಿ ಹೇಗೆ ಹೇಳಬೇಕೋ ತಿಳಿಯಲಿಲ್ಲ, ಬಹುಶಃ ಕನ್ನಡದಲ್ಲೂ ಹೇಳುತ್ತಿರಲಿಲ್ಲ. ಏಳುವ ಮುಂಚೆ ಅವರು ಇನ್ನೊಂದೇ ಪ್ರಶ್ನೆ ಕೇಳಿದರು. "ನಿಮ್ಮ ಅಕ್ಕನಿಗೆ ನಾನು ಇಷ್ಟವಾಗಿದ್ದೆನೇ?"

"ಭಾಳ," ಅಂದೆ. ಆ ಮಾತು ಕನ್ನಡದಲ್ಲೇ ಬಂತು. ಅವರಿಗೆ ಅರ್ಥವಾದಂತೆ ಕಂಡಿತು.

ಆ ವಾರ ಅವರು ಮತ್ತೆರಡು ಸಲ ಬಂದರು. ನಾನು ಓದುತ್ತಿದ್ದರೆ ಒಂದಕ್ಷರ ತಿಳಿಯದಿದ್ದರೂ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಎರಡನೆಯ ಸಲ ಕೂತಲ್ಲೇ ನಿದ್ದೆ ಹೋದರು. ಅವರನ್ನು ಎಬ್ಬಿಸದೆ, ದನಿ ತಗ್ಗಿಸಿ, ಅವರ ಬಗ್ಗೆಯೇ ಬರೆದಿದ್ದ ಪತ್ರಗಳನ್ನು ಓದುತ್ತ ಹೋದೆ. ತಗ್ಗಿದ ದನಿ ಹೊಸ ಕಂಪ್ಯೂಟರಿಗೆ ಕೇಳಿಸದೆ ಅದು ಅರ್ಧದಷ್ಟು ಮಾತುಗಳನ್ನು ಬಿಟ್ಟಿತು. ಆಮೇಲೆ ಅವನ್ನು ಕೈಯಿಂದ ತುಂಬಿಸಿದೆ. ಸುಳ್ಳುಗಳನ್ನು ತಿದ್ದಬೇಕೇ ಎಂದು ಯೋಚಿಸಿದ್ದೆ. ತಿದ್ದಲಿಲ್ಲ. ಅಕ್ಕ ಓದಿದ್ದು ಅವನ್ನೇ.

ನಿಜ ಹೇಳಬೇಕೆಂದರೆ, ನನ್ನ ಪತ್ರಗಳ ವೈನಿಯ ಹಾಗೆ ಅವರು ಇರಲಿಲ್ಲ. ಮಾತು ಕಡಿಮೆ. ದೇವಸ್ಥಾನಕ್ಕೆ ಹೋಗುವವರಲ್ಲ. ಸಿಹಿ ಮುಟ್ಟುವುದಿಲ್ಲ. ಟಿ.ವಿ. ಸುದ್ದಿಯ ಬಗ್ಗೆ ಎರಡು ಮಾತಾಡಿ ಸುಮ್ಮನಾಗುತ್ತಿದ್ದರು, ನನಗೂ ಮುಂದೇನು ಹೇಳಬೇಕೋ ತೋಚುತ್ತಿರಲಿಲ್ಲ. ನಾನು ಬರೆದಿದ್ದ ಹೆಂಗಸೇ ಬಂದು ಕೂರಲಿ ಎಂದು ಒಳಗೊಳಗೇ ಕಾಯುತ್ತಿದ್ದೆನೋ ಏನೋ. ಅವರಿಗೂ ನನ್ನ ಬಗ್ಗೆ ಹಾಗೇ ಅನ್ನಿಸಿರಬೇಕು. ಗಣಪತಿ ಹಬ್ಬ ಹತ್ತಿರ ಬಂದಾಗ ಅವರು ನಾಸಿಕದಲ್ಲಿರುವ ತಮ್ಮನ ಮನೆಗೆ ಹೋದರು. ಮೇಲಿನ ಸದ್ದುಗಳೂ ನಿಂತುಹೋದವು.

ಅವರು ಹೋಗಿ ನಾಲ್ಕೈದು ದಿನವಾಗಿತ್ತು. ಅಕ್ಕ ಬದುಕಿದ್ದ ಕೊನೆಯ ವರ್ಷದ ಪತ್ರಗಳಿಗೆ ಆಗಷ್ಟೇ ಬಂದಿದ್ದೆ. ಒಂದು ವಾಕ್ಯದ ನಡುವೆ ಹಳೆಯ ಕಂಪ್ಯೂಟರು ಆರಿತು. ತಣ್ಣಗಾಗಲಿ ಎಂದು ಊಟ ಮಾಡಿ ಬಂದೆ. ಏಳಲಿಲ್ಲ. ಮರುದಿನವೂ ಏಳಲಿಲ್ಲ. ಕ್ಯಾಂಪಿನ ಅಂಗಡಿಗೆ ಒಯ್ದೆ. ಅವನು ತಿರುಪು ಬಿಚ್ಚಿ, ಬೇರೆ ವಯರು ಹಚ್ಚಿ, ಬಹಳ ಹೊತ್ತು ನೋಡಿ ಕೈ ಒರೆಸಿಕೊಂಡ.

"ಫೈಲುಗಳ ಕಾಪಿ ನಿಮ್ಮ ಹೊಸದರಲ್ಲಿ ಇದ್ದೇ ಇದೆ. ಓದಲಿಕ್ಕೆ ಬರುವುದಿಲ್ಲ, ಅಷ್ಟೇ," ಎಂದ.

ಹೀಗೆ ನಲವತ್ತರಷ್ಟು ಪತ್ರಗಳು ಇಂಗ್ಲಿಷ್ ಅಕ್ಷರ ಮತ್ತು ಚೌಕಗಳಾಗಿಯೇ ಉಳಿದವು. ಅವುಗಳಲ್ಲಿ ಏನು ಬರೆದಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ವೈನಿ ಬಂದಳು, ವೈನಿ ಹೋದಳು ಎಂಬುದಷ್ಟೇ ನೆನಪಾಯಿತು. ಹಳೆಯ ಯಂತ್ರವನ್ನು ಅಂಗಡಿಯಲ್ಲೇ ಬಿಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಹಬ್ಬ ಮುಗಿದ ಮೇಲೆ ಒಂದು ಸಂಜೆ ಮೆಟ್ಟಿಲಲ್ಲಿ ಅವರು ಎದುರಾದರು. ಕೈಯಲ್ಲಿ ಊರಿನ ಚೀಲ ಇತ್ತು. ಏದುಸಿರು ಬಿಡುತ್ತ ನಿಂತು, ಪತ್ರಗಳೆಲ್ಲ ಓದಿ ಮುಗಿದವೇ ಎಂದು ಕೇಳಿದರು.

"ಮುಗಿದವು," ಅಂದೆ.

"ಬರಂ ಝಾಲಂ," ಒಳ್ಳೆಯದೇ ಆಯಿತು, ಎಂದು ಅವರು ಕಂಬಿ ಹಿಡಿದು ಮೇಲೆ ಹತ್ತಿದರು. ಅವರ ಬಾಗಿಲ ಬೀಗ ತೆರೆದ ಸದ್ದು ಕೇಳಿಸುವವರೆಗೆ ನಾನು ಅಲ್ಲೇ ನಿಂತಿದ್ದೆ, ಆಮೇಲೆ ಒಳಗೆ ಬಂದು ದೀಪ ಹಾಕಿದೆ.