ಚಾಪೆ ಎತ್ತಿ ನೋಡುವ ಖಾಜಾಸಾಬ

ಯಾರ ಮನೆಗೆ ಹೋದರೂ ಖಾಜಾಸಾಬ ಚಾಪೆ ಎತ್ತಿ ಕೆಳಗಿನ ನೆಲ ನೋಡದೆ ಮಲಗುತ್ತಿರಲಿಲ್ಲ. ಹೆಂಗಸರು ನಗುತ್ತಿದ್ದರು, ಅವನು ನಗುತ್ತಿರಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ನಾನು ಅಲ್ಲೇ ಚೀಲ ಹೊರುತ್ತಿದ್ದೆ.

ಅದಕ್ಕೂ ಮೊದಲು ಅವನೂ ಅವನ ತಮ್ಮ ಮೌಲಾನೂ ಮುಂಬೈಯ ಸರಕು ಹಡಗಿನಲ್ಲಿದ್ದರು. ಆಳುಗಳು ಮಲಗುವ ಕೋಣೆಯ ನೆಲದಲ್ಲೇ ಎಂಜಿನ್ ಎಣ್ಣೆ ತುಂಬುವ ಟಾಕಿಯ ಮುಚ್ಚಳವಿತ್ತು. "ಇದು ಮ್ಯಾಲೆ ಬಯಲಾಗ ಇರಬೇಕ್ರಿ, ಆವಿ ಗಾಳಿಗಿ ಹೋಗತೈತಿ" ಎಂದು ಖಾಜಾಸಾಬ ಸಾರಂಗನಿಗೆ, ಅಂದರೆ ಆಳುಗಳ ಮುಖಂಡನಿಗೆ, ಹೇಳಿದ್ದ. ಸಾರಂಗ ನಮ್ಮ ತಾವರಗೇರಾದವನೇ. "ಬರೇ ವಾಸನಿ ಅದು. ಮೂಗು ಮುಚ್ಕೊಂಡು ಮಲಗು" ಅಂದನಂತೆ. ಹಡಗಿನ ಸಾಹೇಬರ ಕಿವಿಗೆ ಹಾಕಲೇ ಇಲ್ಲ. ಬಿಸಿಲೂರಿನ ಹುಡುಗರಿಗೆ ಕಬ್ಬಿಣ ತಂಪು ಕಂಡಿತು. ಮೌಲಾ ಆ ಮುಚ್ಚಳದ ಮೇಲೆಯೇ ಚಾದರ ಹಾಸುತ್ತಿದ್ದ. ಟಾಕಿ ತುಂಬಿಸಿದ ದಿನ ಸಂದಿಯಿಂದ ಆವಿ ಎದ್ದಿತು. ಮೌಲಾ ಏಳಲಿಲ್ಲ.

ಯುದ್ಧ ಬಂತು. ಹಡಗಿಗೆ ಆಳು ಹುಡುಕುತ್ತ ಅದೇ ಸಾರಂಗ ಗಂಗಾವತಿಗೆ ಬಂದ. ನಾವು ನಾಲ್ಕಾರು ಮಂದಿ ಗಂಟು ಕಟ್ಟಿದೆವು. ಖಾಜಾಸಾಬ ಜಗಳ ತೆಗೆಯುತ್ತಾನೆ ಅಂದುಕೊಂಡರೆ, ಸಾರಂಗನನ್ನು ಗಿರಣಿಗೇ ಊಟಕ್ಕೆ ಕರೆದ.

"ತಮ್ಮನ ವಿಷ್ಯಾ ಮರ್ತಿ, ಛಲೋ ಆತು" ಅಂದ ಸಾರಂಗ, ಎಲುಬು ಚೀಪುತ್ತ.

"ಉಣ್ರಿ. ಎಣ್ಣಿ ಕ್ವಾಣಿ ತಂಪೈತಿ, ಆಮ್ಯಾಲೆ ಅಲ್ಲೇ ಅಡ್ಡಾಗ್ರಿ."

"ವಾಸನಿ ಬರತೈತಲ್ಲೋ."

"ಗಿರಣಿ ಅಂದ್ಮ್ಯಾಗ ಬರೂದರಿ."

ಆ ಕೋಣೆಯ ಮಂಚದ ಕೆಳಗೆ ಖಾಜಾಸಾಬ ಪೆಟ್ರೋಲ್ ಡಬ್ಬಗಳ ಬಾಯಿ ತೆರೆದಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಸಾರಂಗ ಕೆಮ್ಮುತ್ತ, ಕಾರುತ್ತ ಅಂಬೆಗಾಲಲ್ಲಿ ಹೊರಬಂದ. ಬಾಗಿಲಲ್ಲಿ ಖಾಜಾಸಾಬ ಕುಕ್ಕರಗಾಲಲ್ಲಿ ಕೂತಿದ್ದ. ಹಿಂದೆ ನಾವು.

"ಯಾಕ್ರಿ? ಬರೇ ವಾಸನಿ ಅದು."

"ಕೊಲ್ತಿದ್ಯಲ್ಲೋ ಬಾಡ್ಯಾ."

"ನಿಮಗ ಬಾಗ್ಲಾ ತಗದಿಟ್ಟಿದ್ದೆ. ಈ ಹುಡುಗ್ರಿಗಿ ಹೇಳ್ರಿ, ನಿಮ್ಮ ಹಡಗಿನ್ಯಾಗ ಆ ಮುಚ್ಚಳ ಈಗ ಎಲ್ಲೈತಿ?"

ಸಾರಂಗ ಬಾಯಿ ಒರೆಸಿಕೊಂಡ. "ಅಲ್ಲೇ ಐತಿ" ಅಂದ.

ನಾವು ಗಂಟು ಬಿಚ್ಚಿದೆವು. ಸಾರಂಗನ ಮೇಲೆ ನನಗೆ ಕನಿಕರ ಹುಟ್ಟಲಿಲ್ಲ. ಇನ್ನಷ್ಟು ಹೊತ್ತು ಒಳಗೇ ಬಿದ್ದಿರಬೇಕಿತ್ತು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಆ ವಾರವೇ ಖಾಜಾಸಾಬ ಗಿರಣಿ ಬಿಟ್ಟ. ಕೊಪ್ಪಳದ ರೈಲು ನಿಲ್ದಾಣಕ್ಕೆ ನಾನೇ ಬಿಡಲು ಹೋಗಿದ್ದೆ.

"ಸಿಟ್ಟು ತೀರಲಿಲ್ಲೇನು ಮಾಮಾ?"

"ಇವ ಬರೇ ಆಳು. ಹಡಗು ಇನ್ನ ತೇಲಾಕತ್ತೈತಿ. ಬಂದರದ ಬಾಗ್ಲಾಗ ಕುಂದರ್ತೀನಿ. ಹತ್ತಾಕ ಬಂದ ಒಬ್ಬೊಬ್ಬನಿಗೂ ಮೌಲಾನ ಸುದ್ದಿ ಹೇಳ್ತೀನಿ. ಆಳಿಲ್ದ ಅದು ಹ್ಯಾಂಗ ಹೋಗತೈತಿ, ನೋಡೇಬಿಡೂಣು."

ರೈಲು ಹೋಯಿತು. ಅವನು ತಿರುಗಿ ಬರಲಿಲ್ಲ.